ಮಾಣಿಗೆ ಜ್ವರ

ಕೋಡಿಬಾಗ, ಕಾರವಾರ
೨ ಡಿಸೆಂಬರ್ ೨೦೦೭, ಭಾನುವಾರ ಮಧ್ಯಾಹ್ನ

ಪ್ರೀತಿಯ ಪವನ್,

ಹೇಗಿದ್ದೀರಿ? ಬೆನ್ನುನೋವು ಕಡಿಮೆಯಾಯಿತೇ? ಇಂಜಿನ್ ರೂಮಿನ ಏಣಿ ಹತ್ತಿ ಇಳಿದು ಸೊಂಟ ಹಿಡಿದುಕೊಂಡಿದೆ ಎಂದು ಬರೆದಿದ್ದಿರಿ. ನಾನು ಕಟ್ಟಿಕೊಟ್ಟ ಎಣ್ಣೆಯ ಬಾಟಲಿ ಪೆಟ್ಟಿಗೆಯ ತಳದಲ್ಲಿ ಹಾಗೆಯೇ ಕೂತಿರುತ್ತದೆ, ನನಗೆ ಗೊತ್ತು. ಬೆನ್ನಿಗೆ ಹಚ್ಚಿಕೊಡುವವರು ಯಾರು ಎಂದು ಕೇಳುತ್ತೀರಿ. ಬಟ್ಟೆಯ ತುಂಡಿಗೆ ಸುರಿದುಕೊಂಡು ಎರಡೂ ಕೈಯಲ್ಲಿ ಹಿಡಿದು ತಿಕ್ಕಿಕೊಳ್ಳಿ, ಸೋಮಾರಿತನ ಮಾಡಬೇಡಿ. ಹಡಗಿನ ಅಡುಗೆಯವನು ಈಗಲೂ ಎಲ್ಲದಕ್ಕೂ ಟೊಮೆಟೊ ಸುರಿಯುತ್ತಾನೆಯೇ? ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೂ ಉಳಿದಿದ್ದರೆ ಒದ್ದೆ ಚಮಚ ಹಾಕದಿರಿ. ನಾನು ಆರಾಮ. ಅತ್ತೆಯ ಮೈಯೂ ಗಟ್ಟಿಯಿದೆ. ಊಟ ಸೇರುತ್ತದೆ, ಮಂಡಿನೋವು ಹೇಳುವುದಿಲ್ಲ, ಚೆನ್ನಾಗಿ ನಡೆಯುತ್ತಾರೆ. ಸ್ವಲ್ಪ ಹೆಚ್ಚೇ ನಡೆಯುತ್ತಾರೆ; ಅದನ್ನೇ ಬರೆಯಲು ಕೂತಿದ್ದೇನೆ.

ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡು ಕಾಗದ ಯಾಕೆ ಎಂದು ಕೇಳುತ್ತೀರಿ. ಹಡಗಿಗೆ ಬಂದ ಮೇಲ್‌ಗಳನ್ನೆಲ್ಲ ಕ್ಯಾಪ್ಟನ್ ತೆರೆದು, ಪ್ರಿಂಟ್ ತೆಗೆದು, ಊಟದ ಕೋಣೆಯಲ್ಲಿ ಇಟ್ಟಿರುತ್ತಾರೆ ಎಂದವರು ನೀವೇ. ನಿಮ್ಮ ಜೊತೆಯವರು ಅನ್ನ ಕಲಸುತ್ತ ನನ್ನ ಸಂಸಾರ ಓದುವುದು ಬೇಡ. ಬಂದರಿನಿಂದ ನೀವು ವಿಡಿಯೊದಲ್ಲಿ ಸಿಕ್ಕಾಗಲಂತೂ ಅತ್ತೆ ನನ್ನ ಪಕ್ಕದಲ್ಲೇ ಇರುತ್ತಾರೆ. ಹಾಗಾಗಿ ಇದನ್ನು ಮುಂಬೈಯ ಕಂಪನಿ ಆಫೀಸಿಗೆ ಕಳಿಸುತ್ತಿದ್ದೇನೆ. ಮುಂದಿನ ಬಂದರಿಗೆ ಮುಟ್ಟಿಸುತ್ತೇವೆ ಎಂದಿದ್ದಾರೆ. ಅತ್ತೆ ಈಗ ಮಲಗಿದ್ದಾರೆ. ಗೇಟಿಗೆ ಬೀಗ ಹಾಕಿದೆ, ಬೀಗದ ಕೈ ನನ್ನ ಕೊರಳಿನ ದಾರದಲ್ಲಿದೆ. ಮಲಗಿದಾಗಲೂ ತೆಗೆಯುವುದಿಲ್ಲ. ಕಿಟಕಿಯ ಸರಳಿನಾಚೆ ಕಾಳಿ ಹೊಳೆ ಕಾಣುತ್ತದೆ, ಸೇತುವೆಯ ಮೇಲೆ ಗೋವೆ ಕಡೆಗೆ ಹೋಗುವ ಬಸ್ಸುಗಳು ಕಾಣುತ್ತವೆ. ಮನೆ ಕಟ್ಟಿಸುವಾಗ ಮಾವ ಈ ಕಿಟಕಿಯನ್ನು ಎಷ್ಟು ಅಕ್ಕರೆಯಿಂದ ಇಡಿಸಿದ್ದರು ಎಂದು ನೀವು ಹೇಳುತ್ತಿದ್ದಿರಿ. ಈಗೀಗ ಅತ್ತೆ ಎದ್ದಿರುವಾಗ ನಾನು ಅದರ ಪರದೆ ಎಳೆದೇ ಇಡುತ್ತೇನೆ.

ಲ್ಯಾಪ್‌ಟಾಪ್ ರಿಪೇರಿ ಮಾಡಿಸು ಎಂದು ನೀವು ಮೇಲಿಂದ ಮೇಲೆ ಬರೆಯುತ್ತಿದ್ದೀರಿ. ದೀಪಾವಳಿಯ ದಿನ ಡರ್ಬನ್‌ನಿಂದ ನೀವು ಮಾತಾಡಿದಾಗ ಆಚೆ ಕಡೆ ನಿಮಗೆ ಏನು ಕಂಡಿತೋ ನಾನರಿಯೆ; ಈಚೆ ಏನಾಯಿತು ಎಂದು ಹೇಳುತ್ತೇನೆ. ಮುಚ್ಚಳ ತೆರೆದ ಕೂಡಲೇ ಒಳಗಿನ ಫ್ಯಾನು ಪಂಪ್ ಸ್ಟವ್ ಹಚ್ಚಿದ ಹಾಗೆ ಬುರ್ರೋ ಎಂದು ಹೊಡೆದುಕೊಳ್ಳತೊಡಗಿತು. ತೆರೆಯ ಮೇಲಿನ ಬಾಣದ ಗುರುತು ಗಜನಿ ಗದ್ದೆಯ ಕೆಸರಲ್ಲಿ ಕಾಲು ಹೂತವರ ಹಾಗೆ ತೆವಳುತ್ತಿತ್ತು. ನಿಮ್ಮ ಮುಖ ಬರುವಷ್ಟರಲ್ಲಿ ಮಾತು ಮುಗಿದಿರುತ್ತಿತ್ತು, ಮಾತು ಬರುವಾಗ ಮುಖ ಬೇರೆಲ್ಲೋ ತಿರುಗಿರುತ್ತಿತ್ತು. ಅಷ್ಟರಲ್ಲಿ ನೀವು, "ಇನ್ನೂ ನಾಲ್ಕು ತಿಂಗಳು ಇರು ಅಂತ ಕಂಪನಿಯವರು ಕೇಳ್ತಾ ಇದ್ದ, ಇರಲಾ?" ಎಂದು ಕೇಳಿದಿರಿ. ಕೇಳಿದ್ದೇ ತಡ ನಿಮ್ಮ ಚಿತ್ರ ಅಲ್ಲಿಗೇ ನಿಂತಿತು. ಬಾಯಿ ಅರ್ಧ ತೆರೆದಿತ್ತು, ಕಣ್ಣು ಅರ್ಧ ಮುಚ್ಚಿತ್ತು. ನಾನು "ಬೇಡ" ಎಂದೆ. ಕೇಳಿಸಲಿಲ್ಲವೇನೋ ಎಂದು ಮತ್ತೆ ಗಟ್ಟಿಯಾಗಿ "ಬೇಡ, ಬನ್ನಿ" ಎಂದೆ. ಅತ್ತೆ ಎದ್ದು ನಿಂತು ನಿಮ್ಮ ಬಾಯಿಯ ಮೇಲೆ ಕೈಯಿಟ್ಟು, "ಉಸುಲು ಕಟ್ತಾ ಇದ್ದು ಅವಂಗೆ! ನೋಡೆ, ಬಾಯಿ ಬಿಡ್ತಾ ಇದ್ದ!" ಎಂದು ಕೂಗಿ ಸೆರಗಿನಿಂದ ಗಾಳಿ ಹಾಕತೊಡಗಿದರು. ಆಮೇಲೆ ಸಂಪರ್ಕವೇ ಹೋಯಿತು. ಮರುದಿನ ನಿಮ್ಮ ಮೇಲ್ ಬಂತು: ಲೈನ್ ಕಟ್ಟಾಯಿತು, ನೀನು ಬೇಡ ಅನ್ನಲಿಲ್ಲ, ಹಾಗಾಗಿ ಹೂಂ ಅಂದುಬಿಟ್ಟೆ, ಆಯಿಯೂ ಆರಾಮ ಕಂಡಳು, ಸಂತೋಷವಾಯಿತು.

ಆರಾಮ ಕಂಡರು, ನಿಜ. ನಿಮ್ಮ ಮುಖ ಮೂಡಿತೆಂದರೆ ಅತ್ತೆ ಮನೆಗೆ ನೆಂಟರು ಬಂದ ಹಾಗೆ ನೆಟ್ಟಗೆ ಕೂತು ಸೆರಗು ಸರಿಮಾಡಿಕೊಳ್ಳುತ್ತಾರೆ. "ಊಟ ಆತನೋ ಮಾಣಿ? ಚಳಿ ಇದ್ದಾ ಅಲ್ಲಿ?" ಎಂದು ಎಲ್ಲ ತಾಯಂದಿರು ಕೇಳುವುದನ್ನೇ ಕೇಳುತ್ತಾರೆ. ನೀವು ನಗುತ್ತೀರಿ. ಒಲೆಯ ಮೇಲೆ ಖಾಲಿ ಪಾತ್ರೆ ಇಟ್ಟು ಹಾಲು ಕಾಯುವುದನ್ನು ನೋಡುತ್ತ ನಿಲ್ಲುವ ಅತ್ತೆ ನಿಮಗೆ ಕಾಣುವುದಿಲ್ಲ. ನನ್ನನ್ನು ಒಮ್ಮೆ ತಮ್ಮ ತಂಗಿಯ ಹೆಸರಿನಿಂದ, ಒಮ್ಮೆ ಯಾವುದೋ ಮಾಸ್ತರಣಿಯ ಹೆಸರಿನಿಂದ ಕರೆಯುತ್ತಾರೆ. ಸಂಜೆಯಾಗುತ್ತ ಬಂದ ಹಾಗೆ, "ಮನಿಗೆ ಹೋಪನ ಬಾ, ತಾರಿ ತಪ್ಪೋಗ್ತು" ಎಂದು ಗೇಟು ಹಿಡಿದು ಅಲ್ಲಾಡಿಸುತ್ತಾರೆ. ಸೇತುವೆಯಾದ ಮೇಲೆ ಆ ದೋಣಿ ನಿಂತು ಎಷ್ಟು ಕಾಲವಾಯಿತು! ಇದು ವಯಸ್ಸಿನ ಬರಿಯ ಮರೆವಲ್ಲ, ಮುಂದೆ ಹೋಗುವ ಕಾಯಿಲೆ, ಹಿಂದೆ ಬರುವುದಿಲ್ಲ, ಒಬ್ಬರನ್ನೇ ಬಿಡಬೇಡಿ ಎಂದು ಡಾಕ್ಟರು ನನಗೆ ಹೇಳಿ ಆಗಿದೆ. ನಿಮಗೆ ಹೇಳಲು ಹೋದಾಗಲೆಲ್ಲ, "ನನ್ನತ್ರ ಸರಿಯಾಗೇ ಮಾತಾಡ್ತಲ್ಲ" ಎನ್ನುತ್ತೀರಿ. ಆ ಮಾತು ಕೇಳಿದಾಗ ನನಗೆ ಈ ಬೀಗದ ಮನೆಗೆ ಇನ್ನೊಂದು ಬೀಗ ಹಾಕಿದ ಹಾಗಾಗುತ್ತದೆ.

ಲ್ಯಾಪ್‌ಟಾಪಿನ ಕತೆ ಹೇಳುತ್ತಿದ್ದೆನಲ್ಲ. ಪ್ರತಿ ಸಲ ಪೂರ್ತಿ ಬಂದ್ ಮಾಡಬೇಕಾಗಿಲ್ಲ, ಮುಚ್ಚಳ ಹಾಕಿದರೆ ಸ್ಟ್ಯಾಂಡ್‌ಬೈಗೆ ಹೋಗುತ್ತದೆ, ತೆರೆದರೆ ತಟ್ಟನೆ ಏಳುತ್ತದೆ ಎಂದು ಹೊರಡುವ ಮುಂಚೆ ಕಲಿಸಿದ್ದಿರಿ. ಹಾಗೆಯೇ ಮಾಡುತ್ತಿದ್ದೆ. ಮಳೆಗಾಲದಲ್ಲಿ ಒಂದು ದಿನ ನೀವು ಮಾತು ಮುಗಿಸಿದ ಮೇಲೆ ನಾನು ಮುಚ್ಚಳ ಹಾಕಿದೆ. ಅಂಚಿನಲ್ಲಿ ಹಸಿರು ದೀಪ ಮೆಲ್ಲಗೆ ಹೊತ್ತಿ ಆರಿ, ಹೊತ್ತಿ ಆರಿ ಮಾಡುತ್ತಿತ್ತು. ಅತ್ತೆ ಅದನ್ನೇ ನೋಡುತ್ತ ಕೂತು, "ಮಾಣಿ ಮಲಗಿದ. ಗಲಾಟೆ ಮಾಡಡ" ಎಂದರು. ನಾನು ನಕ್ಕೆ. ಆದರೆ ಅಂದು ಸಂಜೆ ಅವರು ಗೇಟಿಗೆ ಹೋಗಲಿಲ್ಲ, ತಾರಿ ಕೇಳಲಿಲ್ಲ. ಲ್ಯಾಪ್‌ಟಾಪ್ ಮಗ್ಗುಲಲ್ಲೇ ಕೂತು ಹತ್ತಿ ತೆಗೆದುಕೊಂಡು ಬತ್ತಿ ಹೊಸೆದರು. ಎಷ್ಟೋ ದಿನಗಳ ನಂತರ ನಾನು ಬಾಗಿಲು ಹಾಕಿಕೊಂಡು ನೆಮ್ಮದಿಯಿಂದ ತಲೆಗೆ ನೀರು ಹಾಕಿಕೊಂಡೆ. ಅಂದಿನಿಂದ ಅದೇ ಅಭ್ಯಾಸವಾಯಿತು. ಬೆಳಿಗ್ಗೆ ಒಮ್ಮೆ ತೆರೆದು, ಮುಚ್ಚಿ, ದೀಪ ಮಿಣುಕುವ ಹಾಗೆ ಮಾಡಿ ಮೇಜಿನ ಮೇಲಿಡುವುದು; ಅತ್ತೆ ಅದರ ಪಕ್ಕ ಕೂರುವುದು; ನಾನು ಅಡುಗೆ, ಬಟ್ಟೆ, ಸ್ನಾನ ಮುಗಿಸುವುದು. ಮಳೆಯ ಥಂಡಿ ಹೆಚ್ಚಾದ ಮೇಲೆ ಅತ್ತೆ ತಮ್ಮ ಕಂದು ಶಾಲನ್ನು ಅದಕ್ಕೆ ಹೊದಿಸತೊಡಗಿದರು. ತೆಗೆದರೆ ಬೈಯುತ್ತಿದ್ದರು, ಅದಕ್ಕೆ ಹಾಗೆಯೇ ಬಿಟ್ಟೆ.

ಸದ್ದು ಶುರುವಾದದ್ದು ಆಮೇಲೆ. ಮೊದಮೊದಲು ಮುಚ್ಚಳ ತೆರೆದಾಗ ಮಾತ್ರ ಇತ್ತು, ಬರಬರುತ್ತ ಮುಚ್ಚಿದಾಗಲೂ ಗುರ್ರೆನ್ನತೊಡಗಿತು. ಪಕ್ಕದ ಮನೆಯ ಹೀರಾಬಾಯಿ ಒಂದು ದಿನ ಕಂಪೌಂಡಿನಾಚೆಯಿಂದ ಕತ್ತು ಚಾಚಿ, "ಎಂತಾ ರುಬ್ಬೂದು ಗೋ ಇಷ್ಟೊತ್ತು? ಮದುವೆ ಮನೆ ಮಾಡೀಯಲ್ಲ!" ಎಂದು ಕೇಳಿದರು. ಪೇಟೆಯ ಅಂಗಡಿಗೆ ಫೋನ್ ಮಾಡಿದೆ. ಒಬ್ಬರು ಬಂದು ವೈರಸ್ ಇರಬೇಕೆಂದು ಒಯ್ದರು, ಎಲ್ಲ ಅಳಿಸಿ ಹೊಸದಾಗಿ ತುಂಬಿ ತಂದುಕೊಟ್ಟರು. ಅದು ಮನೆಯಲ್ಲಿ ಇಲ್ಲದಷ್ಟು ದಿನವೂ ಅತ್ತೆ ಮಂಚದ ಕೆಳಗೆ, ಅಕ್ಕಿ ಡಬ್ಬಿಯಲ್ಲಿ, ಬಾವಿಕಟ್ಟೆಯಲ್ಲಿ ನಿಮ್ಮನ್ನು ಹುಡುಕಿದರು. "ಮಾಣಿನ ಯಾರಿಗೆ ಕೊಟ್ಟೆ?" ಎಂದು ನನ್ನ ಕೈ ಹಿಡಿದು ತಿರುಚಿದರು. ಅವರ ಕೈಯಲ್ಲಿ ಅಷ್ಟು ಬಲವಿದೆ ಎಂದು ನನಗೆ ಗೊತ್ತಿರಲಿಲ್ಲ. ವಾಪಸು ಬಂದ ಮೇಲೂ ಸದ್ದು ಹಾಗೆಯೇ ಇತ್ತು. ಮತ್ತೊಮ್ಮೆ ಕಳಿಸುವ ಧೈರ್ಯ ನನಗಿರಲಿಲ್ಲ.

ಆಗ ಭಾರತಿಯ ನೆನಪಾಯಿತು. ಕಾಲೇಜಿನಲ್ಲಿ ನನ್ನ ಜೊತೆ ಓದಿದವಳು, ಈಗ ಅಂಕೋಲೆಯಲ್ಲಿ ಕಂಪ್ಯೂಟರ್ ಕ್ಲಾಸು ನಡೆಸುತ್ತಾಳೆ. ನಮ್ಮ ಮದುವೆಯಲ್ಲಿ ನಿಮ್ಮ ಚಪ್ಪಲಿ ಅಡಗಿಸಿಟ್ಟು ಕಾಡಿದವಳು. ಫೋನ್ ಮಾಡಿದೆ. ಅವಳು ಕೇಳುತ್ತ ಹೋದಳು, ನಾನು ರಿಸೀವರ್ ಹೆಗಲಿಗೆ ಸಿಕ್ಕಿಸಿಕೊಂಡು ಮಾಡುತ್ತ ಹೋದೆ. ಒಮ್ಮೆ ಬಂದ್ ಮಾಡಿ ಹೊಸದಾಗಿ ಶುರುಮಾಡಿಸಿದಳು. ಸದ್ದಿಲ್ಲ, ಬಾಣವೂ ಸರಸರ ಓಡಿತು. ಮುಚ್ಚಳ ಹಾಕಿ ಸ್ವಲ್ಪ ಹೊತ್ತು ಬಿಟ್ಟು ತೆರೆಯಿಸಿದಳು. ಮತ್ತೆ ಬುರ್ರೋ. ಯಾವ ಯಾವ ಪ್ರೋಗ್ರಾಂ ಒಳಗೆ ಓಡುತ್ತಿದೆ ಎಂದು ತೆಗೆದು ನೋಡಿದರೆ, ನಿಮ್ಮೊಂದಿಗೆ ಮಾತಾಡುವ ವಿಡಿಯೊದ್ದು ಬಂದೇ ಆಗಿರಲಿಲ್ಲ. ನಿದ್ದೆಯಿಂದ ಎದ್ದ ಮೇಲೂ ಅದೇ ಎಲ್ಲ ಶಕ್ತಿ ತಿನ್ನುತ್ತ ಕೂತಿತ್ತು. "ನೀ ಆ ಸ್ಟ್ಯಾಂಡ್‌ಬೈ ಬಿಟ್ಟಾಕೆ ಮಾರಾಯ್ತಿ. ಕೆಲಸ ಆದ ಕೂಡ್ಲೆ ಪೂರ್ತಿ ಬಂದ್ ಮಾಡು, ಅರ್ಧ ತಲೆನೋವು ಹೋಗ್ತದೆ" ಎಂದಳು. ಇಷ್ಟು ಸುಲಭವೇ ಎಂದು ಖುಷಿಯಾಯಿತು. ಅಂದು ಪೂರ್ತಿ ಬಂದ್ ಮಾಡಿ ಮೇಜಿನ ಮೇಲಿಟ್ಟು ಒಗ್ಗರಣೆ ಹಾಕಲು ಒಳಗೆ ಹೋದೆ.

ಹೊರಬಂದಾಗ ಅತ್ತೆ ಕುರ್ಚಿಯಲ್ಲಿ ಇರಲಿಲ್ಲ. ಬಾವಿಕಟ್ಟೆಯ ಹತ್ತಿರ ಉಟ್ಟ ಸೀರೆಯಲ್ಲೇ ಕೊಡಗಟ್ಟಲೆ ತಣ್ಣೀರು ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದರು. ಅಳುತ್ತಿರಲಿಲ್ಲ. ಹತ್ತಿರ ಹೋದರೆ, "ಮುಟ್ಟಡ. ಸೂತಕ" ಎಂದರು. ನನಗೆ ಮೊದಲು ಅರ್ಥವಾಗಲಿಲ್ಲ. ಒಳಗೆ ತಿರುಗಿ ನೋಡಿದಾಗ ಮೇಜಿನ ಮೇಲೆ ಆ ದೀಪ ಆರಿತ್ತು. ನೀವು ಎಲ್ಲೋ ಸಮುದ್ರದ ನಡುವೆ ಸುಖವಾಗಿ ಇದ್ದೀರಿ ಎಂದು ಗೊತ್ತಿದ್ದೂ ಆ ಒದ್ದೆ ಸೀರೆಯನ್ನು ನೋಡಿ ಎದೆ ಹೊಡೆದುಕೊಂಡಿತು. ಓಡಿಹೋಗಿ ಗುಂಡಿ ಒತ್ತಿ ಯಂತ್ರ ಶುರುಮಾಡಿ, ಮುಚ್ಚಿ, ದೀಪ ಮಿಣುಕುವಂತೆ ಮಾಡಿ ತಂದು ತೋರಿಸಿದೆ. ನಡುಗುತ್ತಲೇ ಅದನ್ನು ನೋಡಿದರು, ಕೈಮುಗಿದರು. ಅಂದು ಮೈ ಒರೆಸಿ, ಬೇರೆ ಸೀರೆ ಉಡಿಸಿ, ಬಿಸಿ ಗಂಜಿ ಕುಡಿಸುವಷ್ಟರಲ್ಲಿ ನನಗೆ ಒಂದು ವಿಷಯ ಖಚಿತವಾಗಿತ್ತು. ಲ್ಯಾಪ್‌ಟಾಪ್ ಬಂದ್ ಮಾಡಿದರೆ ಈ ಮನೆಯಲ್ಲಿ ಸಾವಾಗುತ್ತದೆ. ಬಂದ್ ಮಾಡದಿದ್ದರೆ ನಿಮ್ಮ ಮುಖ ಬಾಯಿ ತೆರೆದು ನಿಲ್ಲುತ್ತದೆ. ಎರಡರಲ್ಲಿ ಯಾವುದನ್ನು ಆರಿಸಿಕೊಂಡರೂ ನಾನು ಗೇಟಿನೊಳಗೇ ಇರಬೇಕು.

ಕಳೆದ ವಾರ ಗ್ಯಾಸ್ ಸಿಲಿಂಡರ್ ತಂದವನಿಗೆ ಗೇಟು ತೆಗೆದುಕೊಟ್ಟೆ. ಅವನು ಹೋದ ಮೇಲೆ ಚಿಲಕ ಹಾಕಿದೆ, ಬೀಗ ಹಾಕಲಿಲ್ಲ. ಹಿತ್ತಲಿನಿಂದ ಬಟ್ಟೆ ತೆಗೆದುಕೊಂಡು ಬಂದು ನೋಡಿದರೆ ಮೇಜು ಖಾಲಿ, ಕುರ್ಚಿ ಖಾಲಿ, ಗೇಟು ಹಾರುಹೊಡೆದಿತ್ತು. ಚಪ್ಪಲಿ ಕೂಡ ಹಾಕಿಕೊಳ್ಳದೆ ಹೆದ್ದಾರಿಯ ಕಡೆ ಓಡಿದೆ. ಅದಿರಿನ ಲಾರಿಗಳು ಒಂದರ ಹಿಂದೆ ಒಂದು ಸೇತುವೆ ಏರುತ್ತಿದ್ದವು. ಪಾನ್ ಅಂಗಡಿಯವರನ್ನು ಕೇಳಿದೆ, ರಿಕ್ಷಾದವರನ್ನು ಕೇಳಿದೆ. ಅಜ್ಜಿಯೊಬ್ಬರು ಶಾಲಿನಲ್ಲಿ ಮಗು ಸುತ್ತಿಕೊಂಡು ಹೋದರು ಎಂದು ಒಬ್ಬರು ಅಂದರು; ಮಗುವಲ್ಲ ಎಂದು ಹೇಳುವಷ್ಟು ಉಸಿರು ನನ್ನಲ್ಲಿರಲಿಲ್ಲ. ಅಷ್ಟರಲ್ಲಿ ಹೀರಾಬಾಯಿ ಕೆಳಗಿನ ಓಣಿಯಿಂದ, "ಕವನಾ, ಇತ್ಲಾಗೆ ಬಾ! ಹೊಳೆ ಕಡೆ!" ಎಂದು ಕೂಗಿದರು.

ಸೇತುವೆಯ ಕೆಳಗೆ, ಮೊದಲು ತಾರಿ ನಿಲ್ಲುತ್ತಿದ್ದ ಕಡೆ ಒಡೆದ ಮೆಟ್ಟಿಲುಗಳಿವೆಯಲ್ಲ, ಅಲ್ಲಿ ಕೂತಿದ್ದರು. ಭರತ ಏರಿ ಹೊಳೆಯ ನೀರು ಕಾಲ ಬೆರಳಿಗೆ ತಾಗುತ್ತಿತ್ತು. ಮಡಿಲಲ್ಲಿ ಶಾಲು ಸುತ್ತಿದ ಲ್ಯಾಪ್‌ಟಾಪ್ ಇತ್ತು, ಅದರ ಸದ್ದು ಮೇಲಿನ ಮೆಟ್ಟಿಲಿಗೇ ಕೇಳುತ್ತಿತ್ತು. ನನ್ನನ್ನು ಕಂಡು ಸಿಟ್ಟಿನಿಂದ, "ಮಾಣಿಗೆ ಜ್ವರ ಬಂಜು. ಮೈ ಸುಡ್ತಾ ಇದ್ದು. ಸದಾಶಿವಗಡದ ಡಾಕ್ಟ್ರಿಗೆ ತೋರ್ಸವು. ಈ ತಾರಿ ಎಂತಕ್ಕೆ ಬಂಜಿಲ್ಲೆ?" ಎಂದರು. ಚಿಕ್ಕಂದಿನಲ್ಲಿ ನಿಮಗೆ ವಿಷಮಜ್ವರ ಬಂದಾಗ ಮಾವ ಊರಲ್ಲಿರಲಿಲ್ಲ, ಆಯಿ ಒಬ್ಬಳೇ ಎತ್ತಿಕೊಂಡು ಹೊಳೆ ದಾಟಿಸಿದಳು ಎಂದು ನೀವು ಹೇಳಿದ್ದು ನೆನಪಾಯಿತು. ನಾನು ಮೆಟ್ಟಿಲ ಮೇಲೆ ಅವರ ಪಕ್ಕ ಕೂತು ಶಾಲಿನ ಮೇಲೆ ಕೈಯಿಟ್ಟೆ. ನಿಜಕ್ಕೂ ಸುಡುತ್ತಿತ್ತು. ಲ್ಯಾಪ್‌ಟಾಪ್ ಎತ್ತಿ ಸೀರೆ ಸರಿಸಿದರೆ, ಬಟ್ಟೆಯ ಮೇಲಿಂದಲೇ ತೊಡೆ ಬೆಂದು ಕೆಂಪಾಗಿ, ಒಂದು ಕಡೆ ಬೊಕ್ಕೆ ಎದ್ದಿತ್ತು. ಅಷ್ಟು ಸುಟ್ಟರೂ ಅವರು ಅದನ್ನು ಕೆಳಗೆ ಇಟ್ಟಿರಲಿಲ್ಲ. ತಾರಿ ಇಲ್ಲ, ಜ್ವರ ಇಲ್ಲ, ಇದು ಮಾಣಿಯಲ್ಲ ಎಂದು ಇಷ್ಟು ದಿನ ಹೇಳಿ ಸಾಕಾಗಿತ್ತು. ಅಂದು ಹೇಳಲಿಲ್ಲ. "ಹೌದು ಅತ್ತೆ, ಜ್ವರ ಇದ್ದು. ಅಂಕೋಲೆಲಿ ಒಂದು ಡಾಕ್ಟ್ರಮ್ಮ ಇದ್ದು. ಬಸ್ಸಲ್ಲಿ ಹೋಪನ" ಎಂದೆ. ತಟ್ಟನೆ ಎದ್ದರು.

ಹೀರಾಬಾಯಿ ತೊಡೆಗೆ ಲೋಳೆಸರ ಹಚ್ಚಿಕೊಟ್ಟರು, ಬಸ್ ನಿಲ್ದಾಣದವರೆಗೂ ಬಂದರು. ಡಾಕ್ಟ್ರಮ್ಮ ಹೊದಿಸಬಾರದು ಎಂದಿದ್ದಾರೆ ಎಂದು ಹೇಳಿ ಶಾಲನ್ನು ನನ್ನ ಚೀಲದಲ್ಲಿ ಹಾಕಿಕೊಂಡೆ. ಲ್ಯಾಪ್‌ಟಾಪನ್ನು ನಮ್ಮಿಬ್ಬರ ನಡುವೆ ಸೀಟಿನ ಮೇಲೆ ಅರ್ಧ ತೆರೆದು ಇಟ್ಟೆವು. ಬಿಣಗಾ ದಾಟಿತು, ಅಮದಳ್ಳಿ ದಾಟಿತು. ಅತ್ತೆ ಕಿಟಕಿಯ ಗಾಳಿಗೆ ಮುಖವೊಡ್ಡಿ ಕೂತಿದ್ದರು. ಎಷ್ಟೋ ತಿಂಗಳಿನಿಂದ ನಾನೂ ಗಾಳಿಗೆ ಮುಖವೊಡ್ಡಿರಲಿಲ್ಲ ಎಂದು ಅಲ್ಲಿಯೇ ಗೊತ್ತಾದದ್ದು.

ಬಸ್ಸು ಹತ್ತುವ ಮೊದಲೇ ಭಾರತಿಗೆ ಫೋನಿನಲ್ಲಿ ಎಲ್ಲ ಹೇಳಿದ್ದೆ. ಅವಳು ನಗಲಿಲ್ಲ. ಅತ್ತೆಯನ್ನು ಎದುರಿನ ಕುರ್ಚಿಯಲ್ಲಿ ಕೂರಿಸಿ, ಲ್ಯಾಪ್‌ಟಾಪಿನ ಮೇಲೆ ಅಂಗೈಯಿಟ್ಟು, "ಹೌದಜ್ಜಿ, ಮೈ ಕಾದಿದೆ. ನೋಡ್ತೆ ತಡೀರಿ" ಎಂದಳು. ಸ್ಕ್ರೂ ತೆಗೆದು ಹಿಂದಿನ ಮುಚ್ಚಳ ಬಿಚ್ಚಿದಳು. ಫ್ಯಾನಿನ ಬಾಯಿಗೆ ಅಡ್ಡವಾಗಿ ಬೆರಳು ದಪ್ಪದ ಹತ್ತಿಯ ಪದರ ಕೂತಿತ್ತು. ಅತ್ತೆ ಹೊಸೆದ ಬತ್ತಿಗಳ ಹತ್ತಿ, ನಡುನಡುವೆ ಶಾಲಿನ ಕಂದು ನೂಲು. ಭಾರತಿ ಚಿಮುಟದಿಂದ ಅದನ್ನು ಎಳೆದು ನನ್ನ ಕಡೆ ತಿರುಗಿ, "ಫ್ಯಾನಿಗೆ ಹಾಸಿಗೆ ಹೊಲ್ದಿದೀರಲ್ಲೆ!" ಎಂದು ಮೆಲ್ಲಗೆ ಹೇಳಿದಳು. ಅತ್ತೆಗೆ, "ಗಂಟಲಲ್ಲಿ ಹತ್ತಿ ಸಿಕ್ಕೊಂಡಿತ್ತು ಅಜ್ಜಿ, ಅದಕ್ಕೇ ಉಸಿರು ಕಟ್ಟಿದ್ದು" ಎಂದಳು. ಅತ್ತೆ ನನ್ನ ಕೈ ಒತ್ತಿ, "ಆನು ಹೇಳಿದ್ನಿಲ್ಯಾ?" ಎಂದರು. ಆಮೇಲೆ ಭಾರತಿ ನನಗೆ ವಿವರಿಸಿದ್ದು ಇಷ್ಟು: ಮುಚ್ಚಳದ ಕೊಕ್ಕೆ ಸಡಿಲವಾಗಿದೆ. ಶಾಲು ಹೊದಿಸುವಾಗ ಎಳೆದಾಡಿದರೆ ಅದು ಚೂರು ತೆರೆದುಕೊಂಡು ಯಂತ್ರ ಎದ್ದುಬಿಡುತ್ತದೆ, ಮತ್ತೆ ಮಲಗುವುದಿಲ್ಲ. ಶಾಲಿನ ಕೆಳಗೆ ಎಚ್ಚರವಾಗಿಯೇ ಕಾಯುತ್ತಿರುತ್ತದೆ. ಬಿಸಿ ಮಿತಿಮೀರಿದರೆ ಸುಟ್ಟುಹೋಗದಿರಲಿ ಎಂದು ತಾನೇ ವೇಗ ಇಳಿಸಿಕೊಳ್ಳುತ್ತದೆ. ಅದಕ್ಕೇ ನಿಮ್ಮ ಚಿತ್ರ ನಿಲ್ಲುತ್ತಿದ್ದದ್ದು, ನನ್ನ ಮಾತು ನಿಮಗೆ ತಲುಪದೇ ಇದ್ದದ್ದು. ಕೊಕ್ಕೆ ಸರಿಮಾಡಿದಳು. ವಿಡಿಯೊ ಪ್ರೋಗ್ರಾಂ ಬಂದ್ ಮಾಡಿಯೇ ಮುಚ್ಚಳ ಹಾಕು, ಎದ್ದ ಮೇಲೆ ನಿಧಾನವೆನಿಸಿದರೆ ಒಮ್ಮೆ ಹೊಸದಾಗಿ ಶುರುಮಾಡು, ಬಟ್ಟೆ ಮಾತ್ರ ಹೊದಿಸಬೇಡ ಎಂದಳು.

ಆ ಹೊತ್ತಿಗೆ ಅವಳ ಅಮ್ಮ ಹೊನ್ನಮ್ಮ ಅತ್ತೆಯನ್ನು ಒಳಗೆ ಕರೆದುಕೊಂಡು ಹೋಗಿದ್ದರು. ಕ್ಲಾಸಿನ ಹಿಂದೆಯೇ ಅವರ ಮನೆ, ಸುತ್ತ ಎತ್ತರದ ಗೋಡೆಯಿರುವ ಅಂಗಳ. ಇಣುಕಿ ನೋಡಿದರೆ ಇಬ್ಬರೂ ಜಗಲಿಯಲ್ಲಿ ಕೂತು ಅಬ್ಬಲಿಗೆ ಹೂವು ಕಟ್ಟುತ್ತಿದ್ದರು. ಹೆಸರು, ಊರು, ಹೊತ್ತು ಎಲ್ಲ ಮರೆತ ಅತ್ತೆಯ ಬೆರಳು ಬಾಳೆನಾರಿನ ಗಂಟನ್ನು ಮರೆತಿರಲಿಲ್ಲ. ಹೊನ್ನಮ್ಮ, "ನಮ್ಮವ್ವನೂ ಕಡೆಕಡೆಗೆ ಹೀಂಗೇ ಆಗಿತ್ತು ಮಗಾ" ಎಂದರು, ಅಷ್ಟೇ. ಸಮಾಧಾನ ಹೇಳಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ನಾನು ಹೊರಗೆ ಬಂದು ಖಾಲಿ ಇದ್ದ ಒಂದು ಕಂಪ್ಯೂಟರಿನ ಮುಂದೆ ಕೂತೆ. ಪಕ್ಕದ ಹುಡುಗಿ ಲೆಕ್ಕದ ಪಾಠದಲ್ಲಿ ಎಲ್ಲೋ ಸಿಕ್ಕಿಬಿದ್ದಿದ್ದಳು, ತೋರಿಸಿಕೊಟ್ಟೆ. ಇನ್ನೊಬ್ಬಳು ಬಂದಳು, ಅವಳಿಗೂ ತೋರಿಸಿದೆ. ಯಾರೂ ನನ್ನನ್ನು ಕೂಗಲಿಲ್ಲ. ಕೊರಳಿಗೆ ಕೈಹಾಕಿ ಬೀಗದ ಕೈ ಮುಟ್ಟಿ ನೋಡಿಕೊಳ್ಳುವುದನ್ನೂ ಮರೆತಿದ್ದೆ. ಅದು ನೆನಪಾದಾಗ ಕಣ್ಣಲ್ಲಿ ನೀರು ಬಂತು. ಭಾರತಿ ನೋಡಿದಳು, ನೋಡದವಳ ಹಾಗೆ ಚಹಾ ತಂದಿಟ್ಟಳು.

ಹೊರಡುವಾಗ ಅವಳೇ ಮಾತು ತೆಗೆದಳು. "ಬೀಗ ಹಾಕಂಡು ಎಷ್ಟು ದಿನ ಅಂತ ಇರ್ತೀಯೆ? ಅಜ್ಜಿನೂ ಒಳಗೆ, ನೀನೂ ಒಳಗೆ. ಹಿಂದಿನ ಕೋಣೆ ಖಾಲಿ ಬಿದ್ದಿದೆ, ನನಗೆ ಕಲಿಸೋರು ಬೇಕು, ಅವ್ವಿಗೆ ಜೊತೆ ಬೇಕು. ಇಬ್ಬರೂ ಬಂದ್ಬಿಡಿ" ಎಂದಳು. ನಿಮ್ಮನ್ನು ಕೇಳಿ ಹೇಳುತ್ತೇನೆ ಎಂದೆ. "ಯಾರನ್ನ, ಆ ಲ್ಯಾಪ್‌ಟಾಪನ್ನ?" ಎಂದು ಕೇಳಿದಳು. ಅವಳ ಬಾಯಿ ನಿಮಗೆ ಗೊತ್ತಲ್ಲ, ಬೇಸರಿಸಬೇಡಿ.

ಈಗ ಲ್ಯಾಪ್‌ಟಾಪ್ ಸದ್ದು ಮಾಡುವುದಿಲ್ಲ. ಮನೆಗೆ ಬಂದ ದಿನ ಅತ್ತೆ ಅದರ ಮೇಲೆ ಅಂಗೈಯಿಟ್ಟು, "ಜ್ವರ ಇಳ್ದೋತು" ಎಂದರು. ಆಮೇಲೆ ಅದರ ಪಕ್ಕ ಹೆಚ್ಚು ಕೂರಲಿಲ್ಲ. ಗುಣವಾದ ಮಗುವನ್ನು ಆಡಲು ಬಿಟ್ಟವರ ಹಾಗೆ ಎದ್ದು ಹೋದರು, ಗೇಟಿನ ಹತ್ತಿರ. ಮೊನ್ನೆಯಿಂದ ದೀಪದ ಕಡೆಯೂ ನೋಡುತ್ತಿಲ್ಲ. ನಿಮ್ಮ ಮುಂದಿನ ಬಂದರಿನಿಂದ ಮಾತಾಡಿದರೆ ಚಿತ್ರ ನಿಲ್ಲುವುದಿಲ್ಲ, ಮಾತು ತುಂಡಾಗುವುದಿಲ್ಲ. ದೀಪಾವಳಿಯ ದಿನ ನಾನು ಬೇಡ ಎಂದಿದ್ದೆ ಎನ್ನುವುದು ಈಗಲಾದರೂ ನಿಮಗೆ ತಿಳಿದಿರಲಿ. ನಾಲ್ಕು ತಿಂಗಳಿಗೆ ನೀವು ಹೂಂ ಅಂದಾಗಿದೆ, ಕಂಪನಿಗೆ ಕೊಟ್ಟ ಮಾತು ತಪ್ಪಿಸುವುದು ಕಷ್ಟ ಎಂದೂ ನನಗೆ ಗೊತ್ತು. ಅಂಕೋಲೆಯ ವಿಷಯ ಯೋಚಿಸಿ, ನಿಮ್ಮ ಅಭಿಪ್ರಾಯ ಬರೆಯಿರಿ. ಕ್ಯಾಪ್ಟನ್ ಓದಿದರೂ ಓದಲಿ.

ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಿ. ಬಿಸಿಲಲ್ಲಿ ಡೆಕ್ಕಿನ ಮೇಲೆ ಬರಿತಲೆಯಲ್ಲಿ ನಿಲ್ಲಬೇಡಿ. ನಿಮ್ಮ ಜೊತೆಯ ಮಂಗಳೂರಿನವರ ಹೆಂಡತಿಗೆ ಹೆರಿಗೆಯಾಯಿತೇ? ಕೇಳಿದೆ ಎಂದು ಹೇಳಿ. ಹೀರಾಬಾಯಿ ನಿಮಗೆ ನಮಸ್ಕಾರ ತಿಳಿಸಿದ್ದಾರೆ. ಅತ್ತೆಯ ಆಶೀರ್ವಾದಗಳು, ನನ್ನ ಪ್ರೀತಿ.

ನಿಮ್ಮ,
ಕವನಾ

ಮರೆತ ಮಾತು: ಕಾಗದ ಮಡಚುತ್ತಿದ್ದೆ, ಅತ್ತೆ ಎದ್ದು ಬಂದರು. "ಯಾರಿಗೆ ಬರೀತಾ ಇದ್ದೆ ಕೂಸೆ?" ಎಂದು ಕೇಳಿದರು. ಪವನಂಗೆ ಎಂದೆ. "ಪವನ ಅಂದ್ರೆ ಯಾರು? ನಿನ್ನ ಅಣ್ಣನಾ?" ಎಂದರು. ಗೋಡೆಯ ಮೇಲಿನ ನಮ್ಮ ಮದುವೆ ಫೋಟೊ ಇಳಿಸಿ ಕೈಗೆ ಕೊಟ್ಟೆ. ಬಹಳ ಹೊತ್ತು ನೋಡಿದರು. ನನ್ನ ಗುರುತು ಹತ್ತಲಿಲ್ಲ. ನಿಮ್ಮ ಮುಖದ ಮೇಲೆ ಬೆರಳಿಟ್ಟು, "ಇವ ಎಂಗಳ ಮಾಣಿ" ಎಂದರು. ಹೆಸರು ಹೋಗಿದೆ ಪವನ್, ಮುಖ ಇನ್ನೂ ಇದೆ. ಎಷ್ಟು ದಿನ ಇರುತ್ತದೋ ಯಾವ ಡಾಕ್ಟರೂ ಹೇಳಲಾರರು. ಅಭಿಪ್ರಾಯ ಬರೆಯಿರಿ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕಿಕೊಳ್ಳಿ. ನಾಡಿದ್ದು ನಾನು ಅತ್ತೆಯನ್ನು ಕರೆದುಕೊಂಡು ಅಂಕೋಲೆಗೆ ಹೋಗುತ್ತಿದ್ದೇನೆ, ಹೀರಾಬಾಯಿಗೆ ಹೇಳಿ ಆಯಿತು. ಕಂಪನಿಗೆ ಏನು ಬೇಕಾದರೂ ಹೇಳಿ, ಮೊದಲು ಸಿಕ್ಕ ಬಂದರಿನಲ್ಲಿ ಇಳಿಯಿರಿ. ಕೋಡಿಬಾಗಕ್ಕೆ ಬರಬೇಡಿ, ಇಲ್ಲಿ ಯಾರೂ ಇರುವುದಿಲ್ಲ. ನೆಟ್ಟಗೆ ಅಂಕೋಲೆಗೆ ಬಂದು ಆಯಿಯ ಎದುರು ನಿಲ್ಲಿ.